ಹೆಸರು ಹಾಕಿದ ಬಾಟಲಿ

ಮಾದೇಶನಿಗೆ ಆ ದಿನ ಬೆಳಿಗ್ಗೆ ಬೇರೆ ಏನಾದರೂ ಕೆಲಸವಿದ್ದಿದ್ದರೆ ಸದಾಶಿವಪ್ಪನಿಗೆ ಈ ಪಾಡು ಬರುತ್ತಿರಲಿಲ್ಲ. ಸದಾಶಿವಪ್ಪನ ಪಾತ್ರೆ ಅಂಗಡಿಯ ಪಕ್ಕದಲ್ಲೇ ಮಾದೇಶನ ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ. ಜನ ತಮ್ಮ ಫೋನಿಗೆ ತಾವೇ ರೀಚಾರ್ಜ್ ಮಾಡಿಕೊಳ್ಳುವುದನ್ನು ಕಲಿತ ಮೇಲೆ ಅವನಿಗೆ ಬೀದಿಯವರ ಯೋಗಕ್ಷೇಮ ವಿಚಾರಿಸಲು ಬೇಕಾದಷ್ಟು ಬಿಡುವು ಸಿಕ್ಕಿತ್ತು. ಪೇಪರ್ ಓದುವ ನೆಪದಲ್ಲಿ ಬಂದವನು ಮೇಜಿನ ಮೇಲಿದ್ದ ಸ್ಟೀಲ್ ಬಾಟಲಿಯೊಂದನ್ನು ಎತ್ತಿ, ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಹಾಗೆ ಅತ್ತ ಇತ್ತ ತಿರುಗಿಸಿ ನೋಡಿದ.

"ಅಣ್ಣ, ಇದ್ರಲ್ಲಿ ಐಎಸ್‌ಐ ಮಾರ್ಕ್ ಎಲ್ಲಿ ಅದೆ?" ಎಂದ.

"ಕುಕ್ಕರಿಗೆ ಇರ್ತದೆ ಕಣ್ಲಾ. ನೀರು ಕುಡಿಯೋ ಬಾಟ್ಲುಗೆ ಯಾಕ್ಲಾ ಅದು?"

"ಈಗ ಬಾಟ್ಲುಗೂ ಇರ್ಲೇಬೇಕಂತೆ ಕಣಣ್ಣ. ಇಲ್ದಿದ್ರೆ ಮಾಲು ಎತ್ಕಂಡು ಓಯ್ತಾರಂತೆ, ಕೇಸೂ ಆಕ್ತಾರಂತೆ. ಫೋನಲ್ಲಿ ಬಂದದೆ ನೋಡು" ಎಂದು ಮಾದೇಶ ತನ್ನ ಫೋನನ್ನು ಸದಾಶಿವಪ್ಪನ ಮೂಗಿನ ಹತ್ತಿರ ಹಿಡಿದ.

ಸದಾಶಿವಪ್ಪ ಕನ್ನಡಕ ಏರಿಸಿ ಓದಿದ. ಓದಿದವನು ಕುಡಿಯುತ್ತಿದ್ದ ಕಾಫಿಯನ್ನು ಪಕ್ಕಕ್ಕಿಟ್ಟ.

ಬೇರೆ ದಿನವಾಗಿದ್ದರೆ ಅವನು ಇಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳ ತುಂಬ ಇಂಥವೇ ಬಾಟಲಿಗಳು ಕೂತಿದ್ದವು. ಅವು ಕಾಮಗೆರೆಯ ದೊಡ್ಡಮಾದಪ್ಪನವರ ಮೊಮ್ಮಗಳ ಮದುವೆಗೆಂದು ತರಿಸಿದವು. ಬೀಗರ ಕಡೆಯ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ಬಾಟಲಿಯೇ ಆಗಬೇಕೆಂದು ಮೊಮ್ಮಗಳು ದಿವ್ಯ ಹಟ ಹಿಡಿದಿದ್ದಳು. ನಾಡಿದ್ದೇ ಚಪ್ಪರ. ಇವತ್ತು ಸಂಜೆ ದೊಡ್ಡಮಾದಪ್ಪನವರು ಬಂದು ಮಾಲು ನೋಡಿ, ಹುಡುಗ ಹುಡುಗಿಯ ಹೆಸರನ್ನು ಹೇಗೆ ಹಾಕಬೇಕೆಂದು ಹೇಳುವವರಿದ್ದರು.

ಹೆಸರು ಹಾಕುವುದರಲ್ಲಿ ಸದಾಶಿವಪ್ಪನನ್ನು ಮೀರಿಸಿದವರು ಕೊಳ್ಳೇಗಾಲದಲ್ಲಿರಲಿಲ್ಲ. ಈ ಕಡೆ ಹೆಸರಿಲ್ಲದ ಪಾತ್ರೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಹಬ್ಬ ಮದುವೆಗಳಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ತಿರುಗಾಡುತ್ತವೆ, ಅವನ್ನು ಮತ್ತೆ ಮನೆ ಸೇರಿಸುವುದು ಮೇಲಿರುವ ಹೆಸರು. ಕರೆಂಟಿನ ಸೂಜಿಯನ್ನು ಹಿಡಿದು ಸದಾಶಿವಪ್ಪ ಗುಂಯ್ ಎಂದು ಶುರುಮಾಡಿದರೆ ಲೋಟದ ಕಂಠದ ಮೇಲೆ ಅಕ್ಷರಗಳು ಮುತ್ತಿನ ಹಾಗೆ ಕೂರುತ್ತಿದ್ದವು.

ದೊಡ್ಡಮಾದಪ್ಪನವರ ಮನೆಯ ಪಾತ್ರೆಗಳಿಗೆಲ್ಲ ಸದಾಶಿವಪ್ಪನ ಅಪ್ಪನ ಕಾಲದಿಂದಲೂ ಇಲ್ಲಿಯೇ ಹೆಸರು ಬಿದ್ದಿತ್ತು. ಆದರೆ ಹಿಂದಿನ ವರ್ಷ ದೊಡ್ಡ ಮೊಮ್ಮಗಳ ಮದುವೆಗೆ ಅವರು ಮೈಸೂರಿನ ಷೋರೂಮಿಗೆ ಹೋಗಿಬಿಟ್ಟರು. ಅವರ ಹಿಂದೆ ಅರ್ಧ ಕಾಮಗೆರೆಯೇ ಮೈಸೂರಿನ ದಾರಿ ಹಿಡಿಯಿತು. ಸದಾಶಿವಪ್ಪನಿಗೆ ಅದು ಎಷ್ಟು ನೋವಾಗಿತ್ತೆಂದರೆ ಆ ಮದುವೆಯಲ್ಲಿ ಒಬ್ಬಟ್ಟನ್ನೂ ಬೇಡವೆಂದಿದ್ದ. ಈ ಸಲ ಅವರೇ ತಾವಾಗಿ ಬಂದು, "ಆಗಿದ್ದಾಯ್ತು ಸದಾಶಿವ, ಇದೊಂದು ಮದ್ವೆ ನಿನ್ ಕೈಲೇ ಆಗ್ಲಿ" ಎಂದಿದ್ದರು. ಈ ಬಾಟಲಿಗಳು ಸರಿಯಾಗಿ ಅವರ ಕೈ ಸೇರಿದರೆ ಕಾಮಗೆರೆ ಮತ್ತೆ ತನ್ನದಾಗುತ್ತದೆ, ಇಲ್ಲದಿದ್ದರೆ ಎಂದೆಂದಿಗೂ ಮೈಸೂರಿನದು ಎಂಬುದು ಸದಾಶಿವಪ್ಪನಿಗೆ ಖಾತ್ರಿಯಾಗಿತ್ತು.

ಅವನು ಪೆಟ್ಟಿಗೆ ಬಿಚ್ಚಿ ನಾಲ್ಕಾರು ಬಾಟಲಿಗಳನ್ನು ತೆಗೆದ. ಹೊಟ್ಟೆ ನೋಡಿದ, ಕುತ್ತಿಗೆ ನೋಡಿದ, ಮುಚ್ಚಳ ತಿರುಗಿಸಿ ಒಳಗೆ ಬೆಳಕು ಬಿಟ್ಟು ನೋಡಿದ. ಎಲ್ಲೂ ಮುದ್ರೆಯಿಲ್ಲ. ಪೆಟ್ಟಿಗೆಯ ಮೇಲೆ ಏನೇನೋ ಬರೆದಿತ್ತು, ಆದರೆ ಎಲ್ಲ ತಮಿಳು. ಸದಾಶಿವಪ್ಪನಿಗೆ ತಮಿಳಿನಲ್ಲಿ ಚೌಕಾಸಿ ಮಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ.

ಮಾಲು ಕಳಿಸಿದ ಸೇಲಂನ ವ್ಯಾಪಾರಿಗೆ ಫೋನು ಮಾಡಿದ. ಆ ಕಡೆಯಿಂದ, "ಎಲ್ಲಾಂ ಇರುಕ್ಕು ಅಣ್ಣಾ, ಎಲ್ಲಾಂ ಇರುಕ್ಕು" ಎಂದು ಹೇಳಿ ಅವನು ಇಟ್ಟುಬಿಟ್ಟ. ಎಲ್ಲ ಇದೆ ಎಂದೇನೋ ಅಂದ. ಆದರೆ ಆ ಮನುಷ್ಯ ಹಿಂದೊಮ್ಮೆ ಹಿಡಿಯೇ ಇಲ್ಲದ ಬಾಣಲೆಗಳನ್ನು ಕಳಿಸಿದಾಗಲೂ ಇದೇ ಮಾತು ಹೇಳಿದ್ದ.

ಅಷ್ಟರಲ್ಲಿ ಮಾದೇಶ ಮತ್ತೆ ಓಡಿಬಂದ. ಅವನ ಭಾವಮೈದ ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ವ್ಯಾಪಾರ ಮಾಡುವವನು, ಅವನಿಂದ ಫೋನು ಬಂದಿತ್ತು.

"ಅಣ್ಣ, ಯಳಂದೂರಿಗೆ ಬಂದವ್ರಂತೆ. ಜೀಪಲ್ಲಿ ಒಬ್ರು ಮೇಡಮ್ಮು. ಪಾತ್ರೆ ಅಂಗಡಿ ಒಳಿಕೆ ನುಗ್ಗಿ ಎಲ್ಲಾ ತಲೆಕೆಳಗು ಮಾಡಿ ನೋಡ್ತಾವ್ರಂತೆ. ಅಲ್ಲಿಂದ ಕೊಳ್ಳೇಗಾಲಕ್ಕೇ ಬತ್ತಾರಂತೆ."

"ಹನೂರಿಗೆ ಸಾಗಿಸ್ಬುಡ್ಲಾ? ನಮ್ಮ ಷಡ್ಡಕ ಅವ್ನೆ."

"ನಾಳೆ ಅವ್ರು ಹನೂರಿಗೇ ಓಗೋದಂತೆ. ನೀನೇ ಎತ್ಕಂಡೋಗಿ ಕೈಗೆ ಕೊಟ್ಟಂಗಾಯ್ತದೆ."

ಒಳಗಿನಿಂದ ಮಹಾಲಕ್ಷ್ಮಮ್ಮ ಬಂದಳು. ಗಂಡನ ಮುಖ ನೋಡಿ ಬಿ.ಪಿ. ಮಾತ್ರೆ ತಂದುಕೊಟ್ಟು, "ಸಂಜೆ ಗಂಟ ದೇವಣ್ಣನ ಮನೇಲಿ ಇಟ್ಬುಡಿ. ನೇಯೋರ ಮನೆ ಒಳಿಕೆ ಯಾರು ಬಾಟ್ಲು ಉಡುಕ್ತಾರೆ?" ಎಂದಳು.

ದೇವಣ್ಣ ಎದುರು ಸಾಲಿನಲ್ಲಿ ರೇಷ್ಮೆ ಸೀರೆ ನೇಯುವವನು. ಮೃದು ಮನುಷ್ಯ, ಯಾರಿಗೂ ಇಲ್ಲ ಅನ್ನಲು ಬಾರದು. ಅವನ ಮನೆಯಲ್ಲಿ ಜಾಗವೆಂದರೆ ಮಗ್ಗದ ಗುಂಡಿ ಒಂದೇ, ಅಂದರೆ ನೇಯುವವನು ಕಾಲಿಳಿಬಿಟ್ಟು ಕೂರುವ ಹಳ್ಳ. ಬಾಟಲಿಗಳನ್ನೆಲ್ಲ ಅದರೊಳಗೆ ಇಳಿಸಿ ಮೇಲೆ ಗೋಣಿಚೀಲ ಹೊದಿಸಿದರು. ಸದಾಶಿವಪ್ಪ ಬೆವರು ಒರೆಸಿಕೊಂಡು ಅಂಗಡಿಗೆ ಬಂದು ಕೂತ.

ಆದರೆ ಮಗ್ಗದ ಮೇಲಿದ್ದ ಸೀರೆಯನ್ನು ಮುಗಿಸಿಕೊಡಬೇಕಾದ ಅವಸರ ದೇವಣ್ಣನಿಗೂ ಇತ್ತು. ಸ್ವಲ್ಪ ಹೊತ್ತು ಕಾದು, ಬಾಟಲಿಗಳ ನಡುವೆ ಕಾಲು ತೂರಿಸಿಕೊಂಡೇ ನೇಯ್ದರಾಯಿತೆಂದು ಮಗ್ಗಕ್ಕೆ ಕೂತ. ಅವನು ತುಳಿಮಣೆ ಒತ್ತಿದಾಗೆಲ್ಲ ಗುಂಡಿಯೊಳಗಿನ ಬಾಟಲಿಗಳು ಒಂದಕ್ಕೊಂದು ತಾಗಿ ಠಣ ಠಣ ಎನ್ನತೊಡಗಿದವು. ಅವನ ಕೈ ಪಳಗಿದ್ದು, ಲಯ ತಪ್ಪದು. ಹಾಗಾಗಿ ಆ ಸದ್ದು ಮಂಗಳಾರತಿಯ ಗಂಟೆಯಂತೆ ಬೀದಿಯ ತುದಿಯವರೆಗೂ ಕೇಳಿಸಿತು.

ಮೊದಲು ಬಂದವಳು ಇಡ್ಲಿ ಮಾರುವ ಶಿವನಂಜಮ್ಮ. "ಏನ್ ದೇವಣ್ಣ, ಪೂಜೆನಾ? ಒಂದ್ಮಾತು ಏಳ್ಬಾರ್ದಾ, ತಲೆಗೆ ನೀರು ಉಯ್ಕಂಡು ಬತ್ತಿದ್ದೆ" ಎಂದಳು. ಆಮೇಲೆ ಬಂದವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಶಿವರುದ್ರಸ್ವಾಮಿ. ಅವರ ಹಿಂದೆ ಅರ್ಧ ಬೀದಿ ಬಂತು. ಗುಟ್ಟು ಮುಚ್ಚಿಡಲು ಹೋದ ಸದಾಶಿವಪ್ಪ ಎಲ್ಲರೆದುರು ಗೋಣಿಚೀಲ ತೆಗೆದು ತೋರಿಸಿ, ನಡೆದದ್ದನ್ನೆಲ್ಲ ಹೇಳಬೇಕಾಯಿತು.

ಶಿವರುದ್ರಸ್ವಾಮಿ ಕುರ್ಚಿ ತರಿಸಿಕೊಂಡು ಕೂತರು. ಸರ್ಕಾರಿ ವಿಷಯವನ್ನು ಅವರು ನಿಂತು ಮಾತಾಡುತ್ತಿರಲಿಲ್ಲ.

"ಬಚ್ಚಿಡೋದು ತಪ್ಪು. ಬಚ್ಚಿಟ್ರೆ ಅಪರಾಧ ಒಪ್ಕೊಂಡಂಗೆ. ಮಾಲು ಎದುರಿಗೇ ಇರ್ಬೇಕು, ಆದ್ರೆ ಅದು ಮಾಲಾಗಿರ್ಬಾರ್ದು" ಎಂದರು.

"ಅರ್ಥವಾಗ್ಲಿಲ್ಲ ಸಾ" ಎಂದ ಸದಾಶಿವಪ್ಪ.

"ಅಂಗಡೀಲಿರೋ ಪಾತ್ರೆ ಮಾರಾಟದ್ದು. ಹೆಸರು ಹಾಕಿರೋ ಪಾತ್ರೆ?"

"ಮನೇದು" ಎಂದಳು ಶಿವನಂಜಮ್ಮ, ಪಾಠ ಒಪ್ಪಿಸುವ ಹಾಗೆ.

"ಅಷ್ಟೇ. ಹೆಸರು ಬಿದ್ದ ಮೇಲೆ ಅದು ಸ್ವಂತ ಸ್ವತ್ತು. ಅದನ್ನ ಮುಟ್ಟೋಕೆ ಯಾವ ಆಫೀಸರಿಗೂ ಪವರ್ ಇಲ್ಲ. ನಮ್ಮೆಲ್ಲರ ಹೆಸರು ಹಾಕು. ನಮ್ಮ ನಮ್ಮ ಮನೇಲಿ ಇಟ್ಕೊತೀವಿ. ಅವರು ಹೋದ ಮೇಲೆ ತಕೊಂಡು ಹೋಗು."

ಹೆಸರು ಬಿದ್ದ ಬಾಟಲಿಯನ್ನು ವಾಪಸು ತೆಗೆದುಕೊಂಡು ಏನು ಮಾಡುವುದೆಂದು ಸದಾಶಿವಪ್ಪ ಕೇಳಿದ. ಉಜ್ಜಿದರೆ ಹೋಗುತ್ತದೆ ಎಂದ ಮಾದೇಶ. ಉಜ್ಜಿ ಪಾಲಿಶ್ ಹಾಕಿದರೆ ಅಳಿಸಬಹುದು ಎಂಬುದು ಸದಾಶಿವಪ್ಪನಿಗೂ ಗೊತ್ತಿತ್ತು, ರಾತ್ರಿಯೆಲ್ಲ ಕೂತರೆ ಆದೀತು. ಬುದ್ಧಿ ನೆಟ್ಟಗಿದ್ದಾಗ ಅವನು ಇದಕ್ಕೆ ಒಪ್ಪುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಯಳಂದೂರಿನಿಂದ ಮತ್ತೊಂದು ಫೋನು ಬಂತು, ಜೀಪು ಹೊರಟಿದೆ ಎಂದು.

ಸದಾಶಿವಪ್ಪ ಸೂಜಿ ಹಿಡಿದು ಕೂತ. ಅಲ್ಲಿಂದ ಶುರುವಾದದ್ದು ಬೇರೆಯೇ ಪೇಚಾಟ.

ಸುಮ್ಮನೆ ಒಂದು ಹೆಸರು ಗೀಚಿ ಮುಗಿಸೋಣ ಎಂದರೆ ಯಾರೂ ಒಪ್ಪರು. ಶಿವರುದ್ರಸ್ವಾಮಿಯವರಿಗೆ ಹೆಸರಿನ ಕೆಳಗೆ ನಿವೃತ್ತ ಶಿರಸ್ತೇದಾರರು ಎಂದು ಬರಬೇಕು. "ಇಲ್ದಿದ್ರೆ ಇದು ನನ್ನದೇ ಅನ್ನೋದಕ್ಕೆ ಏನು ಪುರಾವೆ?" ಎಂದರು. ಮಾದೇಶನಿಗೆ ಅಂಗಡಿಯ ಹೆಸರು, ಫೋನ್ ನಂಬರು ಎರಡೂ ಬೇಕು. ಶಿವನಂಜಮ್ಮ ತನ್ನದೊಂದು, ಮೊಮ್ಮಗಳು ರಮ್ಯಶ್ರೀಯದೊಂದು ಎಂದು ಎರಡು ಬಾಟಲಿ ಹಿಡಿದಳು. ದೇವಣ್ಣ ಸಂಕೋಚದಿಂದ, "ಎಸ್ರಿನ ಸುತ್ತ ಒಂದು ಬಾರ್ಡ್ರು ಎಳ್ದುಬುಡಣ್ಣ, ಬೋಳಾಗಿ ಕಾಣ್ತದೆ" ಎಂದ. ಹೋಗಲಿ ಎಂದು ಎಳೆದರೆ, ಸೀರೆಯ ಅಂಚಿನಂತೆ ಅದರಲ್ಲಿ ಮಾವಿನಕಾಯಿ ಇಲ್ಲವೆಂದು ಕೊರಗಿದ.

ಸದಾಶಿವಪ್ಪನ ಕೈ ಕೆಟ್ಟದಾಗಿ ಬರೆಯಲು ಒಲ್ಲದು. ಗಾಬರಿಯಲ್ಲೂ ಅಕ್ಷರ ಮುತ್ತಿನ ಹಾಗೆಯೇ ಬಂತು. ನೋಡಿದವರು ಇನ್ನಷ್ಟು ಜನರನ್ನು ಕರೆತಂದರು. ಮಧ್ಯಾಹ್ನದ ಊಟ ತಪ್ಪಿತು. ನಡುನಡುವೆ ಮಾದೇಶ ಸುದ್ದಿ ಕೊಡುತ್ತಿದ್ದ. "ಕುಂತೂರ್ ಅತ್ರ ಕಬ್ಬಿನ ಟ್ರಾಕ್ಟ್ರು ಇಂದೆ ಸಿಕ್ಕಾಕಂಡವ್ರಂತೆ. ದಾರಿ ಬುಟ್ಟಿಲ್ವಂತೆ. ಬೇಗ ಆಕಣ್ಣ." ಹಾಳಾದ ಟ್ರಾಕ್ಟರುಗಳು ಎಂದು ದಿನಾ ಬೈಯುತ್ತಿದ್ದ ಸದಾಶಿವಪ್ಪ ಅವತ್ತು ಅವುಗಳಿಗೆ ಮನಸ್ಸಿನಲ್ಲೇ ಕೈಮುಗಿದ.

ಎಲ್ಲ ಬಾಟಲಿಗೂ ಹೆಸರು ಬಿದ್ದ ಮೇಲೆ ಮಹಾಲಕ್ಷ್ಮಮ್ಮನಿಗೆ ಹೊಸ ಸಂಶಯ ಬಂತು. "ತಳದಲ್ಲಿ ರೇಟಿನ ಚೀಟಿ ಅಂಗೇ ಅದಲ್ಲ. ಕಿತ್ತಾಕ್ಬೇಕಾ?"

"ಬ್ಯಾಡ" ಎಂದ ದೇವಣ್ಣ. "ನಮ್ಮ ಮದ್ವೆ ಸ್ಟೀಲ್ ಡಬ್ಬಕ್ಕೆ ಇನ್ನೂ ಚೀಟಿ ಅದೆ. ಚೀಟಿ ಇಲ್ದಿದ್ರೇನೇ ಅನುಮಾನ." ಎಲ್ಲರೂ ತಮ್ಮ ತಮ್ಮ ಮನೆಯ ಪಾತ್ರೆಗಳನ್ನು ನೆನೆದು ಹೌದು ಹೌದು ಎಂದರು.

ಬಾಟಲಿ ಹಂಚುವ ಮುಂಚೆ ಸದಾಶಿವಪ್ಪ ಎಲ್ಲರಿಗೂ ಕೈಮುಗಿದು ನಿಂತ.

"ಯಾರು ಕೇಳಿದ್ರೂ ಮೈಸೂರಲ್ಲಿ ತಕಂಡ್ವಿ ಅನ್ನಿ. ನನ್ ಎಸ್ರು ಮಾತ್ರ ಎತ್ಬ್ಯಾಡಿ. ಆ ಮೇಡಮ್ಮು ನನ್ನನ್ನೇ ಮುಂದೆ ನಿಲ್ಲಿಸ್ಕಂಡು ಬಾಯಿ ಬುಡಿಸ್ಬೋದು. ನಾನೇ ನಂದು ಅಂದ್ರೂ ನೀವು ಒಪ್ಕಬ್ಯಾಡಿ. ಬೆಟ್ಟದ ಮಾದಪ್ಪನ ಮೇಲೆ ಆಣೆ ಮಾಡಿ."

ಮಾದಪ್ಪನ ಹೆಸರು ಬಂದ ಕೂಡಲೇ ಬೀದಿ ಗಂಭೀರವಾಯಿತು. ಈ ಕಡೆಯವರು ಬೇರೆ ಏನನ್ನಾದರೂ ಹಗುರವಾಗಿ ತೆಗೆದುಕೊಂಡಾರು, ಬೆಟ್ಟದ ಮಾದಪ್ಪನ ಆಣೆಯನ್ನಲ್ಲ. ಶಿವನಂಜಮ್ಮ ಮಲೆಯ ದಿಕ್ಕಿಗೆ ತಿರುಗಿ ಕೈಮುಗಿದು, "ಮಾದಪ್ಪನಾಣೆ, ನಿನ್ ಎಸ್ರು ಎತ್ತಾಕಿಲ್ಲ ಕಣಪ್ಪ" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಗೆಯೇ ಹೇಳಿ ತಮ್ಮ ತಮ್ಮ ಹೆಸರಿನ ಬಾಟಲಿ ಹಿಡಿದುಕೊಂಡು ಹೋದರು. ಇಂಥ ನೆರೆಹೊರೆ ಸಿಗಲು ಪುಣ್ಯ ಮಾಡಿರಬೇಕೆಂದು ಸದಾಶಿವಪ್ಪನಿಗೆ ಕಣ್ಣು ತುಂಬಿ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಅದರಿಂದ ಇಳಿದ ಐಎಸ್‌ಐ ಕಚೇರಿಯ ಅಧಿಕಾರಿಯ ಹೆಸರು ವಾಣಿಶ್ರೀ. ಸದಾಶಿವಪ್ಪ ಅಂದುಕೊಂಡಿದ್ದಂತೆ ಅವರ ಹಿಂದೆ ಪೊಲೀಸರಿರಲಿಲ್ಲ. ಡ್ರೈವರ್ ಒಬ್ಬ, ಅವನ ಕೈಯಲ್ಲಿ ಕರಪತ್ರಗಳ ಕಟ್ಟು.

"ನಮಸ್ಕಾರ ಸರ್. ಸ್ಟೀಲ್ ಬಾಟಲ್ ಇಟ್ಟಿದ್ದೀರಾ?" ಎಂದು ಅವರು ಕೇಳಿದರು.

"ಇಲ್ಲ ಮೇಡಂ. ಬಾಟ್ಲು ಯಾಪಾರನೇ ಮಾಡಾಕಿಲ್ಲ ನಾವು. ಲೋಟ, ತಟ್ಟೆ, ಬಿಂದಿಗೆ ಅಷ್ಟೆ."

ವಾಣಿಶ್ರೀ ಬೇಸರದಿಂದ ತಲೆಯಾಡಿಸಿದರು. "ಅಯ್ಯೋ, ಹೌದಾ. ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ. ನಾಳೆ ಹನೂರಿನಲ್ಲಿ ಕಾಲೇಜು ಮಕ್ಕಳಿಗೆ ಕಾರ್ಯಕ್ರಮ ಇದೆ. ಸರಿಯಾದ ಮುದ್ರೆ ಇರೋ ಬಾಟಲ್ ಹೇಗಿರುತ್ತೆ ಅಂತ ತೋರಿಸಬೇಕಿತ್ತು. ಮಾರೋ ಅಂಗಡಿ ಹೆಸರು ಹೇಳಿ, ಇಲ್ಲೇ ಹತ್ತಿರ ಸಿಗುತ್ತೆ ಅಂತ ಹೇಳೋಣ ಅಂತಿದ್ದೆ."

ಸದಾಶಿವಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ದಾಳಿಯಲ್ಲ, ಬರೀ ಪ್ರಚಾರ. ಇನ್ನೊಂದು ಗಳಿಗೆ ಕಳೆದರೆ ಜೀಪು ಹೋಗುತ್ತದೆ, ರಾತ್ರಿ ಕೂತು ಉಜ್ಜಿದರಾಯಿತು ಎಂದುಕೊಂಡ.

ಆಗಲೇ ಹನೂರಿನ ಕಡೆಯ ಬಸ್ಸಿನಿಂದ ಇಳಿದ ದೊಡ್ಡಮಾದಪ್ಪನವರು ಶಲ್ಯ ಕೊಡವಿಕೊಂಡು ಅಂಗಡಿ ಮೆಟ್ಟಿಲು ಹತ್ತಿದರು. ಅವರ ಹಿಂದೆಯೇ, ಜೀಪು ನೋಡಿ ಕುತೂಹಲ ತಡೆಯಲಾರದೆ ಬೀದಿಯವರೂ ಬಂದು ನಿಂತರು. ಕೈಯಲ್ಲಿ ಬಾಟಲಿಗಳನ್ನು ಹಿಡಿದೇ ಬಂದಿದ್ದರು. ಮನೆಯಲ್ಲಿಟ್ಟು ಬಂದರೆ ತಮ್ಮದೆಂದು ಗೊತ್ತಾಗುವುದು ಹೇಗೆ ಎಂಬುದು ಶಿವರುದ್ರಸ್ವಾಮಿಯವರ ವಾದವಾಗಿತ್ತು.

ವಾಣಿಶ್ರೀಯವರ ಕಣ್ಣು ಅರಳಿತು. "ಎಲ್ಲರ ಹತ್ರಾನೂ ಬಾಟಲ್ ಇದೆಯಲ್ಲ. ಎಲ್ಲಿ, ಒಂದು ಕೊಡಿ ನೋಡೋಣ" ಎಂದು ಶಿವನಂಜಮ್ಮನ ಕೈಯಿಂದ ಬಾಟಲಿ ತೆಗೆದುಕೊಂಡರು. ಸದಾಶಿವಪ್ಪ ಕಣ್ಣು ಮುಚ್ಚಿಕೊಂಡ.

ಅವರು ಬಾಟಲಿಯನ್ನು ತಲೆಕೆಳಗು ಮಾಡಿದರು. ಬಿಳಿ ಚೀಟಿಯ ಅಂಚಿಗೆ ಉಗುರು ಕೊಟ್ಟು ಮೆಲ್ಲಗೆ ಸುಲಿದರು. ಚೀಟಿಯ ಕೆಳಗೆ, ಸ್ಟೀಲಿನ ಮೇಲೆ, ಸಣ್ಣದಾಗಿ ಆದರೆ ಸ್ಪಷ್ಟವಾಗಿ ಐಎಸ್‌ಐ ಮುದ್ರೆ ಕೂತಿತ್ತು. ಅದರ ಕೆಳಗೆ ಲೈಸೆನ್ಸ್ ನಂಬರು. ಅದನ್ನು ತಮ್ಮ ಫೋನಿನಲ್ಲಿ ಒತ್ತಿ ನೋಡಿದರು.

"ಅಸಲಿ ಮುದ್ರೆ. ಸೇಲಂ ಕಂಪನಿದು, ಲೈಸೆನ್ಸ್ ಚಾಲ್ತಿಯಲ್ಲಿದೆ" ಎಂದರು. ಇನ್ನೂ ನಾಲ್ಕಾರು ಬಾಟಲಿಗಳ ಚೀಟಿ ಸುಲಿದರು. ಎಲ್ಲದರಲ್ಲೂ ಅದೇ.

ಮಹಾಲಕ್ಷ್ಮಮ್ಮ ಗಂಡನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. "ತಳದಲ್ಲಿ ಏನೋ ಗೀಚಿದಂಗಿತ್ತು ಕಣ್ರೀ. ಗಿರಾಕಿ ನೋಡಿದ್ರೆ ಡ್ಯಾಮೇಜು ಅಂದಾರು ಅಂತ ಎಲ್ಲದ್ಕೂ ಅದ್ರ ಮೇಲೇ ಚೀಟಿ ಅಂಟಿಸ್ದೆ. ಒಂದೂ ಆಚೀಚೆ ಆಗಿಲ್ಲ."

ಸದಾಶಿವಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಸಂತೋಷ. ಸೇಲಂನವನು ಜನ್ಮದಲ್ಲಿ ಒಮ್ಮೆ ನಿಜ ಹೇಳಿದ್ದ. ಸದಾಶಿವಪ್ಪ ಮುಂದೆ ಬಂದು ಎದೆಯುಬ್ಬಿಸಿ, "ಮೇಡಂ, ಇವೆಲ್ಲಾ ನಮ್ಮಂಗಡಿ ಬಾಟ್ಲೇ" ಎಂದ.

"ಈಗ ತಾನೇ ಬಾಟಲ್ ಮಾರೋದೇ ಇಲ್ಲ ಅಂದ್ರಲ್ಲ?"

"ಅದು ಸುಮ್ಕೆ ಅಂದದ್ದು ಮೇಡಂ. ಬೇಕಾದ್ರೆ ಇವ್ರನ್ನೇ ಕೇಳಿ."

ವಾಣಿಶ್ರೀ ಎಲ್ಲರ ಕಡೆ ತಿರುಗಿದರು. "ಇವನ್ನ ಎಲ್ಲಿ ತಗೊಂಡ್ರಿ?"

ನಾನೇ ನಂದು ಅಂದರೂ ಒಪ್ಪಬೇಡಿ ಎಂದು ಸದಾಶಿವಪ್ಪ ಮೊದಲೇ ಹೇಳಿದ್ದ. ಪಾಪ, ಮೇಡಮ್ಮು ಬಾಯಿ ಬಿಡಿಸಿಬಿಟ್ಟಳು ಎಂದು ಎಲ್ಲರಿಗೂ ಅನಿಸಿತು. ಶಿವನಂಜಮ್ಮ ಮೊದಲು ಬಾಯಿ ತೆರೆದಳು.

"ಮೈಸೂರಲ್ಲಿ ಕಣವ್ವ."

"ಮೈಸೂರೇ" ಎಂದರು ಉಳಿದವರು.

ಸದಾಶಿವಪ್ಪ ಕಣ್ಣು ಮಿಟುಕಿಸಿದ, ಕೈಬೆರಳು ಕುಣಿಸಿದ. ದೇವಣ್ಣನ ಪಕ್ಕಕ್ಕೆ ಹೋಗಿ, "ಏಳ್ಬುಡೋ, ಇನ್ನೇನೂ ಭಯ ಇಲ್ಲ" ಎಂದು ಕಿವಿಯಲ್ಲಿ ಉಸುರಿದ. ದೇವಣ್ಣ ಅಷ್ಟೇ ಮೆಲ್ಲಗೆ, "ಮಾದಪ್ಪನಾಣೆ ಮಾಡಿವ್ನಲ್ಲಣ್ಣ, ಎಂಗೆ ಏಳ್ಲಿ? ಮಕ್ಳಿರೋನು ನಾನು" ಎಂದ. ಅದು ಮಾದಪ್ಪನ ಮೇಲಿನ ಭಯವೋ, ಬಾರ್ಡರಿನ ಬಾಟಲಿ ಮೇಲಿನ ಆಸೆಯೋ ಮಾದಪ್ಪನಿಗೇ ಗೊತ್ತು.

ಇಷ್ಟೆಲ್ಲ ನೋಡುತ್ತ ನಿಂತಿದ್ದ ದೊಡ್ಡಮಾದಪ್ಪನವರು ಕೆಮ್ಮಿದರು. "ಏನ್ಲಾ ಸದಾಶಿವ, ಮೇಡಂಗೆ ಬಾಟ್ಲೇ ಮಾರಾಕಿಲ್ಲ ಅಂದ್ಯಂತೆ. ನಂಗೆ ಕೊಡ್ತೀನಿ ಅಂದಿದ್ದೆಯಲ್ಲ, ಅವೆಲ್ಲಿ?"

"ಇವೇ ಕಣಣ್ಣ ನಿಮ್ಮವು" ಎಂದು ಸದಾಶಿವಪ್ಪ ಶಿವನಂಜಮ್ಮನ ಬಾಟಲಿಯತ್ತ ಕೈತೋರಿಸಿದ.

ದೊಡ್ಡಮಾದಪ್ಪನವರು ಬಗ್ಗಿ ಅದರ ಮೇಲಿನ ಅಕ್ಷರವನ್ನು ಕೂಡಿಸಿ ಓದಿದರು. ಆಮೇಲೆ ಪಕ್ಕದವರ ಬಾಟಲಿಯನ್ನೂ ಓದಿದರು. "ನನ್ ಮೊಮ್ಮಗಳ ಮದ್ವೇಲಿ ಇಡ್ಲಿ ಶಿವನಂಜಮ್ಮನ ಎಸ್ರಿರೋ ಬಾಟ್ಲು ಕೊಡ್ಲಾ? ಇಲ್ಲಾ ಈ ರೀಚಾರ್ಜ್ ಅಂಗಡಿ ಫೋನ್ ನಂಬ್ರು ಕೊಡ್ಲಾ ಬೀಗ್ರಿಗೆ?"

"ಅಣ್ಣ, ನಾನೇ ಎಸ್ರು ಆಕಿದ್ದು ಇವತ್ತು. ಉಜ್ಜಿದ್ರೆ ಓಯ್ತದೆ."

"ಎಸ್ರು ನೀನು ಆಕಿರೋದು ನೋಡಿದ್ರೇ ಗೊತ್ತಾಯ್ತದೆ. ತಂದಿದ್ದು ಅವ್ರು, ಆಕಿದ್ದು ನೀನು. ಅವ್ರ ಸಾಮಾನು ಕಿತ್ಕಂಡು, ಉಜ್ಜಿ ನಂಗೆ ಕೊಡ್ತೀಯಾ?" ದೊಡ್ಡಮಾದಪ್ಪನವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮರುಕವಿತ್ತು. "ಮಾಲು ತರ್ಸಕ್ಕಾಗ್ಲಿಲ್ಲ ಅಂದಿದ್ರೆ ನಾನೇನು ಮುನಿಸ್ಕತಿದ್ನಾ? ಯಾಪಾರಕ್ಕೋಸ್ಕರ ಇಂಗೆಲ್ಲಾ ಸುಳ್ಳು ಏಳ್ಬಾರ್ದು ಕಣೋ. ನಿಮ್ಮಪ್ಪ ಇಂಗಿರ್ಲಿಲ್ಲ."

ಸದಾಶಿವಪ್ಪ ಹೇಳಿದ, ಹೇಳಿಸಿದ ಸುಳ್ಳನ್ನೆಲ್ಲ ಜನ ನಂಬಿದ್ದರು. ಈಗ ಹೇಳಿದ ಒಂದೇ ನಿಜವನ್ನು ನಂಬುವವರಿಲ್ಲ.

ವಾಣಿಶ್ರೀಯವರಿಗೆ ಈ ಗೊಂದಲವೆಲ್ಲ ಯಾವುದೋ ಮನೆತನದ ವ್ಯವಹಾರವೆಂದು ಅನಿಸಿರಬೇಕು. ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಾಟಲಿ ಹಿಡಿಸಿ, ಡ್ರೈವರಿನ ಕೈಯಲ್ಲಿ ಫೋಟೋ ತೆಗೆಸಿದರು. "ಈ ಮುದ್ರೆ ಇದ್ರೆ ಸ್ಟೀಲು ಬೇಗ ತುಕ್ಕು ಹಿಡಿಯಲ್ಲ, ನೀರಿಗೆ ಬೇಡದ್ದು ಸೇರಲ್ಲ, ಮುಚ್ಚಳ ಸೋರಲ್ಲ ಅಂತ ಪರೀಕ್ಷೆ ಮಾಡಿರ್ತಾರೆ. ಒಂದು ಬೀದಿಯವರೆಲ್ಲ ನೋಡಿ ತಗೊಂಡಿರೋದನ್ನ ನಾನು ಇಲ್ಲೇ ಮೊದಲು ನೋಡಿದ್ದು. ನಾಳೆ ಹನೂರಿನಲ್ಲಿ ನಿಮ್ಮ ಫೋಟೋನೇ ತೋರಿಸ್ತೀನಿ" ಎಂದರು. ಶಿವರುದ್ರಸ್ವಾಮಿ ಫೋಟೋದಲ್ಲಿ ತಮ್ಮ ಹುದ್ದೆ ಕಾಣುವ ಹಾಗೆ ಬಾಟಲಿ ತಿರುಗಿಸಿಕೊಂಡರು.

ಜೀಪು ಹತ್ತುವ ಮುಂಚೆ ವಾಣಿಶ್ರೀ ಸದಾಶಿವಪ್ಪನ ಕೈಗೊಂದು ಕರಪತ್ರ ಕೊಟ್ಟರು. "ಬೇಜಾರು ಮಾಡ್ಕೋಬೇಡಿ ಸರ್. ನಿಮ್ಮ ಬೀದಿಯವರೇ ಅಷ್ಟು ದೂರ ಮೈಸೂರಿಗೆ ಹೋಗಿ ತರ್ತಾರೆ ಅಂದ್ರೆ, ನೀವೂ ಇಂಥದ್ದೇ ಇಟ್ಟರೆ ವ್ಯಾಪಾರ ಆಗುತ್ತೆ" ಎಂದು ಕಳಕಳಿಯಿಂದ ಹೇಳಿದರು.

ದೊಡ್ಡಮಾದಪ್ಪನವರು ಶಿವರುದ್ರಸ್ವಾಮಿಯವರ ಹತ್ತಿರ ಹೋದರು. "ಸಾ, ಮೈಸೂರಲ್ಲಿ ಯಾವ ಅಂಗಡೀಲಿ ತಕಂಡ್ರಿ? ನಾಡಿದ್ದು ಚಪ್ಪರ, ನಾಳೆ ಬೆಳಿಗ್ಗೇನೇ ಓಗ್ಬೇಕು."

ಶಿವರುದ್ರಸ್ವಾಮಿ ಸದಾಶಿವಪ್ಪನ ಕಡೆ ನೋಡಿದರು. ಸದಾಶಿವಪ್ಪ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ. ಗುಟ್ಟು ಬಿಡಬೇಡಿ ಎನ್ನುತ್ತಿದ್ದಾನೆ ಎಂದು ಅವರಿಗೆ ಅರ್ಥವಾಯಿತು. ಮೈಸೂರಿನಲ್ಲಿ ಯಾವತ್ತೂ ಒಂದು ಚಮಚವನ್ನೂ ಕೊಳ್ಳದಿದ್ದ ಅವರು, ಸಿಟಿ ಬಸ್ ಸ್ಟ್ಯಾಂಡಿನಿಂದ ಹಿಡಿದು ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಸಿಹಿ ಅಂಗಡಿಯ ಪಕ್ಕದ ಮಹಡಿ ಎಂದು ದಾರಿಯನ್ನು ಕಣ್ಣಿಗೆ ಕಟ್ಟಿದಂತೆ ಹೇಳಿದರು. ದೊಡ್ಡಮಾದಪ್ಪನವರು ಎಲ್ಲವನ್ನೂ ಕೇಳಿಕೊಂಡು, ಶಲ್ಯ ಹೆಗಲಿಗೆ ಹಾಕಿ, ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಬೀದಿಯವರು ಸದಾಶಿವಪ್ಪನನ್ನು ಸುತ್ತುವರಿದರು. ಎಲ್ಲರ ಮುಖದಲ್ಲೂ ದೊಡ್ಡ ಕೆಲಸ ಮಾಡಿ ಮುಗಿಸಿದ ತೃಪ್ತಿಯಿತ್ತು.

"ನೋಡಿದ್ಯಾ ಅಣ್ಣ, ನೀನೇ ಬಾಯಿ ಬುಟ್ರೂ ನಾವು ಬುಡ್ಲಿಲ್ಲ" ಎಂದ ಮಾದೇಶ.

"ನಿಶ್ಚಿಂತೆಯಾಗಿ ಉಣ್ಣು ಓಗಪ್ಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಎಂದಳು ಶಿವನಂಜಮ್ಮ. ಬಾಟಲಿಗಳನ್ನು ವಾಪಸು ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಕೇಳುವ ತ್ರಾಣ ಸದಾಶಿವಪ್ಪನಿಗೂ ಇರಲಿಲ್ಲ. ಇಷ್ಟಕ್ಕೂ ದೊಡ್ಡಮಾದಪ್ಪನವರೇ ಹೋದ ಮೇಲೆ ಅವನ್ನು ಇಟ್ಟುಕೊಂಡು ಮಾಡುವುದೇನು? ಅವನಿಗೆ ಅಳು ಒತ್ತಿಕೊಂಡು ಬಂತು. ನೆರೆಹೊರೆಯವರು ಅದನ್ನು ಆನಂದಬಾಷ್ಪವೆಂದು ತಿಳಿದು ಬೆನ್ನು ತಟ್ಟಿದರು.

ಅಷ್ಟರಲ್ಲಿ ತಿರುವಿನಲ್ಲಿ ಬಿಳಿ ಶಲ್ಯ ಮತ್ತೆ ಕಾಣಿಸಿತು. ದೊಡ್ಡಮಾದಪ್ಪನವರು ವಾಪಸು ಬರುತ್ತಿದ್ದರು. ಸದಾಶಿವಪ್ಪ ಮೆಟ್ಟಿಲಿಳಿದು ಓಡಿದ. ಹಳೆಯ ಗಿರಾಕಿಯ ಮನಸ್ಸು ಕರಗಿತೆಂದುಕೊಂಡ.

"ಸದಾಶಿವ, ಒಂದು ಮಾತು ಮರ್ತಿದ್ದೆ" ಎಂದರು ದೊಡ್ಡಮಾದಪ್ಪನವರು, ಅವನ ಹೆಗಲ ಮೇಲೆ ಕೈಯಿಟ್ಟು. "ಆ ಶಿವನಂಜಮ್ಮನ ಬಾಟ್ಲು ಮೇಲೆ ಎಸ್ರು ಎಷ್ಟು ಚೆಂದಾಗಿ ಕೂರ್ಸಿದ್ದೀಯಪ್ಪ. ಮೈಸೂರ್ನೋರ ಕೈಲಿ ಅಂಗಾಗಾಕಿಲ್ಲ. ನಾಳೆ ಅಲ್ಲಿಂದ ಬಾಟ್ಲು ತಕಂಡು ಸೀದಾ ಇಲ್ಲಿಗೇ ಬತ್ತೀನಿ. ಹುಡುಗ ಹುಡುಗಿ ಎಸ್ರು ನೀನೇ ಆಕ್ಕೊಡು. ಹುಡುಗಿ ಎಸ್ರು ಮೊದ್ಲು."

ಸದಾಶಿವಪ್ಪ ಕೈಯಲ್ಲಿದ್ದ ಕರಪತ್ರವನ್ನು ಅವರಿಗೆ ಕೊಟ್ಟ.

"ತಳದಲ್ಲಿ ಮುದ್ರೆ ಅದಾ ಅಂತ ನೋಡ್ಕಂಡು ತಕಂಬನ್ನಿ ಅಣ್ಣ" ಎಂದ.